ಹಿಮ್ಮಡಿ ಏಳುವ ಬೂಟು

ನಾರ್ವೆಯಿಂದ ಬಂದ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಜೊತೆ ಬೂಟು ಮತ್ತು ಒಂದು ಹಾಳೆ ನಕ್ಷೆ. ಅಷ್ಟು ದೂರದಿಂದ ಬಂದ ಸಾಮಾನು ಭಾರವಿರುತ್ತದೆ ಎಂದುಕೊಂಡು ನಾನು ಎರಡೂ ಕೈ ಹಾಕಿ ಎತ್ತಿದೆ. ಹತ್ತಿಯ ಹಾಗೆ ಮೇಲೆ ಬಂತು. ಪರ್ಚೇಸ್ ವಿಭಾಗದ ಪೊರ್ಬುಗಳು ಒಂದು ಬೂಟನ್ನು ಕಸಿದುಕೊಂಡು ಮೂಸಿದರು, ಬಗ್ಗಿಸಿದರು, ತಲೆಕೆಳಗೆ ಮಾಡಿದರು.

“ಎಂತದು ಮಾರಾಯ್ತಿ ಇದು? ಬೂಟಾ, ಕಾಲುಚೀಲವಾ?”

ಮಂಗಳೂರಿನ ಕಡೆ ಕ್ರೈಸ್ತ ಯಜಮಾನರನ್ನು ಪೊರ್ಬುಗಳು ಎನ್ನುತ್ತಾರೆ. ನಾನು ಬೆಂಗಳೂರಿನವಳು, ಆ ಮಾತನ್ನು ಅವರಿಂದಲೇ ಕಲಿತು ಅವರಿಗೇ ಅಂಟಿಸಿದ್ದೆ. ಮಲೇಷ್ಯಾದ ಪುಚೊಂಗ್‌ನ ಆ ಕಾರ್ಖಾನೆಯಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಗುಟ್ಟು ಹೇಳುವುದಕ್ಕೂ ಕನ್ನಡ, ಜಗಳಕ್ಕೂ ಕನ್ನಡ. ಜಗಳವೇ ಹೆಚ್ಚು ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ಮೂಗಿನ ತುದಿಯಲ್ಲಿ ಕೋಪ ಯಾವಾಗಲೂ ಕುರ್ಚಿ ಹಾಕಿಕೊಂಡು ಕೂತಿರುತ್ತಿತ್ತು.

ನಾವು ಮಾಡುತ್ತಿದ್ದದ್ದು ಇನ್‌ಲೈನ್ ಸ್ಕೇಟಿನ ಚಾಸಿ. ಇನ್‌ಲೈನ್ ಸ್ಕೇಟ್ ಎಂದರೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟ್. ಆ ಚಕ್ರಗಳನ್ನು ಬೂಟಿನ ಅಡಿಯಲ್ಲಿ ಹಿಡಿದಿಡುವ ಅಲ್ಯೂಮಿನಿಯಂ ಚೌಕಟ್ಟೇ ಚಾಸಿ. ಆಗ ಪ್ರಪಂಚದ ಮಕ್ಕಳೆಲ್ಲ ಅದರ ಮೇಲೇ ಓಡಾಡುತ್ತಿದ್ದ ಹಾಗೆ ನಮಗೆ ಆರ್ಡರ್ ಬರುತ್ತಿತ್ತು. ಆಮೇಲೆ ಅಲ್ಲಿನ ನಾಣ್ಯ ರಿಂಗಿಟ್ಟಿನ ಬೆಲೆ ಬಿತ್ತು, ಆರ್ಡರುಗಳೂ ಬಿದ್ದವು. ಉಳಿದ ಗಿರಾಕಿಗಳು ತಾವೇ ಬರೆದ ನಕ್ಷೆ ಕಳಿಸುತ್ತಿದ್ದರು. ನನ್ನ ಡಿಸೈನ್ ರೂಮಿಗೆ ಅದನ್ನು ತಿದ್ದಿ ಕೊಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಡಿಸೈನ್ ರೂಮ್ ಎಂದರೂ ಅಷ್ಟೇ, ಒಂದು ಕಂಪ್ಯೂಟರ್, ಒಂದು ಬೋರ್ಡು, ಒಂದು ಎ.ಸಿ., ಜೊತೆಗೆ ನಾನು. ಒಳಗೆ ಧೂಳು ಬರಬಾರದೆಂದು ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಬರಬೇಕು. ಮಾಲೀಕರೂ ಅಷ್ಟೇ.

ಮಾಲೀಕರನ್ನು ಅಲ್ಲಿ ತೌಕೆ ಎನ್ನುತ್ತಾರೆ. ನಮ್ಮ ತೌಕೆ ದಪ್ಪ ಗಾಜಿನ ಕನ್ನಡಕದ ಚೀನೀ ಮನುಷ್ಯ. ಇಂಗ್ಲಿಷಿನಲ್ಲೇ ಮಾತಾಡಿದರೂ ಪ್ರತಿ ಮಾತಿನ ಬಾಲಕ್ಕೆ ಒಂದು ‘ಲಾ’ ಕಟ್ಟುತ್ತಿದ್ದರು. ಬೂಟಿನ ಪೆಟ್ಟಿಗೆ ಬಂದ ದಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಎ.ಸಿ.ಯ ಕೆಳಗೆ ನಿಂತು ಹೇಳಿದರು: “ಈ ಗಿರಾಕಿ ಮೇಡಂ ಸ್ಯಾಂಪಲ್ ನೋಡಕ್ಕೆ ತಾನೇ ಬರ್ತಾಳೆ. ಓಕೆ ಅಂದ್ರೆ ನಿನ್ನ ರೂಮ್ ಇರುತ್ತೆ. ಇಲ್ಲಾಂದ್ರೆ ಎ.ಸಿ. ನನ್ನ ಆಫೀಸಿಗೆ, ನೀನು ಕ್ಯೂಸಿಗೆ. ಸಿಂಪಲ್ ಲಾ.”

ಕ್ಯೂಸಿ ಎಂದರೆ ತಯಾರಾದ ಚಾಸಿಯನ್ನು ಗೇಜಿಗೆ ಹಿಡಿದು, ಪಾಸಾದರೆ ಈ ಬುಟ್ಟಿಗೆ, ಫೇಲಾದರೆ ಆ ಬುಟ್ಟಿಗೆ ಹಾಕುವ ಕೆಲಸ. ಬಂದ ಹೊಸತರಲ್ಲಿ ನಾನು ಅದನ್ನೇ ಮಾಡಿದ್ದೆ. ಕೆಲಸ ಕೀಳೆಂದು ಹೇಳುತ್ತಿಲ್ಲ, ನನಗೆ ಅದು ಆಗಿಬರುವುದಿಲ್ಲ. ನಾನು ಬರೆದ ಗೆರೆ ಲೋಹವಾಗಿ ಮೇಜಿನ ಮೇಲೆ ಬಂದು ಕೂರಬೇಕು, ಆಗಲೇ ನನಗೆ ಊಟ ರುಚಿಸುವುದು. ಈ ಸಲ ಬಂದ ನಕ್ಷೆಯಲ್ಲಿ ಬೂಟಿನ ಅಳತೆ ಮತ್ತು ಅದನ್ನು ಹಿಡಿಯುವ ಜಾಗ ಅಷ್ಟೇ ಇತ್ತು, ಉಳಿದ ಕೆಲಸ ಪೂರ್ತಿ ನನ್ನದೇ. ಆ ರೂಮನ್ನು ಕೈಬಿಡಲು ನಾನು ತಯಾರಿರಲಿಲ್ಲ.

ಮೇಡಂಗೆ ಬೇಕಾದದ್ದು ಇಷ್ಟು. ಅವರ ಊರಲ್ಲಿ ಚಳಿಗಾಲದಲ್ಲಿ ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಬಯಲು, ಕಾಡುಗಳನ್ನು ದಾಟಿ ಮೈಲಿಗಟ್ಟಲೆ ಹೋಗುತ್ತಾರೆ. ಈ ಬೂಟು ಅದಕ್ಕೆಂದೇ ಮಾಡಿದ್ದು. ಹಿಮ ಬೀಳುವ ಮೊದಲು ಕೆರೆಗಳು ಹೆಪ್ಪುಗಟ್ಟಿದಾಗ ಇದೇ ಬೂಟಿಗೆ ಉದ್ದನೆಯ ಬ್ಲೇಡು ಹಾಕಿಕೊಂಡು ಕೆರೆಯ ಮೇಲೆ ಜಾರಬೇಕು. ಬೇಸಿಗೆಯಲ್ಲಿ ಇದೇ ಬೂಟಿಗೆ ಚಕ್ರ ಹಾಕಿಕೊಂಡು ರಸ್ತೆಯಲ್ಲಿ ಓಡಬೇಕು. ಬೂಟು ಒಂದು, ಕಾಲ ಮೂರು. ಬೂಟು ಕೂರುವ ಒಂದು ತಟ್ಟೆ, ಆ ತಟ್ಟೆಯ ಕೆಳಗೆ ಬೇಕಾದಾಗ ಚಕ್ರದ ಚಾಸಿ, ಬೇಕಾದಾಗ ಬ್ಲೇಡು ಕೂರಿಸುವ ವ್ಯವಸ್ಥೆ ಮಾಡಿಕೊಡುವುದು ನಮ್ಮ ಕೆಲಸ.

ಬೂಟಿನ ಅಟ್ಟೆಯ ಮುಂತುದಿಯಲ್ಲಿ, ಹೆಬ್ಬೆರಳು ಬರುವ ಕಡೆ, ಉಕ್ಕಿನ ಒಂದು ಸಣ್ಣ ಸರಳು ಅಡ್ಡಲಾಗಿ ಕೂತಿತ್ತು. ಅಲ್ಲಿಂದ ಹಿಂದಕ್ಕೆ ಅಟ್ಟೆಯುದ್ದಕ್ಕೂ ಕೊರೆದ ಕಾಲುವೆಯಂಥ ಎರಡು ಗ್ರೂವ್. ನಾನು ತಟ್ಟೆಯ ಮುಂದೆ ಆ ಸರಳನ್ನು ಕಚ್ಚಿ ಹಿಡಿಯುವ ಕೊಕ್ಕೆಯನ್ನೂ, ತಟ್ಟೆಯ ಮೇಲೆ ಗ್ರೂವಿನಲ್ಲಿ ಕೂರುವಂಥ ಎರಡು ಏಣುಗಳನ್ನೂ ಬರೆದೆ. ಆ ಏಣು ಇಲ್ಲದಿದ್ದರೆ ಕಾಲು ಅಡ್ಡಡ್ಡ ತಿರುಗುತ್ತದೆ. ಮಿಲ್ಲಿಂಗ್ ಮೆಷಿನ್ನಿನಿಂದ ತಟ್ಟೆ ಬಂತು, ಫೈಲ್ ಎಂಬ ಅರದಿಂದ ಚೂಪು ಅಂಚು ಉಜ್ಜಿ ತೆಗೆದೆ, ಬೂಟು ಇಟ್ಟು ಒತ್ತಿದೆ. ಟಕ್ ಎಂದು ಕೂತಿತು. ಆ ಶಬ್ದಕ್ಕೆ ನನಗೆ ಕುಣಿಯಬೇಕೆನಿಸಿತು.

ಇನ್ನು ಹಾಕಿಕೊಂಡು ನೋಡುವವರು ಯಾರು? ಮೆಷಿನ್ ಶಾಪಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಕಾಲು ತುರುಕಿ ಸೋತರು. ಪೊರ್ಬುಗಳ ಹೆಬ್ಬೆರಳೇ ಒಳಗೆ ಹೋಗಲಿಲ್ಲ. ಕೊನೆಗೆ ಎಲ್ಲರೂ ನನ್ನ ಕಾಲನ್ನು ನೋಡತೊಡಗಿದರು.

“ಸುಮ್ಮನೆ ಯಾಕೆ ನೋಡ್ತೀರಾ? ನಾನು ಸೈಕಲ್ಲೂ ಕಲಿತವಳಲ್ಲ,” ಎಂದೆ.

“ಸೈಕಲಿಗೆ ಎರಡೇ ಚಕ್ರ ಉಂಟು. ಇದಕ್ಕೆ ಜಾಸ್ತಿ ಉಂಟು. ಬೀಳ್ಲಿಕ್ಕೆ ಸಾಧ್ಯವೇ ಇಲ್ಲ,” ಎಂದರು ಪೊರ್ಬುಗಳು.

ಲಾರಿ ನಿಲ್ಲುವ ಅಂಗಳದಲ್ಲಿ ಪರೀಕ್ಷೆ. ನಾನು ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಗೇಟಿನ ಗಾರ್ಡಿನ ಮೋಟಾರ್ ಸೈಕಲ್ ಹೆಲ್ಮೆಟ್ ಹಾಕಿಕೊಂಡು, ಮಂಡಿಗೆ ಕುರ್ಚಿಯ ದಿಂಬುಗಳನ್ನು ಕಟ್ಟಿಕೊಂಡು, ಪ್ಯಾಲೆಟ್ ಎಳೆಯುವ ಟ್ರಾಲಿಯ ಹಿಡಿಕೆ ಹಿಡಿದು ಎದ್ದು ನಿಂತೆ. ಕಾರ್ಖಾನೆಯೇ ಕೆಲಸ ನಿಲ್ಲಿಸಿ ಕಿಟಕಿಗೆ ಬಂತು. ಒಂದು ಹೆಜ್ಜೆ ತಳ್ಳಿದೆ. ಹಿಮ್ಮಡಿ ತಟ್ಟೆಯಿಂದ ಎದ್ದಿತು. ಚಾಸಿಯ ಹಿಂಭಾಗ ಕೆಳಗೆ ಜೋತುಬಿದ್ದು, ನೆಲಕ್ಕೆ ಬಡಿದು, ಮತ್ತೊಂದು ಕಾಲಿಗೆ ಸಿಕ್ಕಿಕೊಂಡಿತು. ನಾನು ಟ್ರಾಲಿಯ ಮೇಲೆ ಮೂಟೆಯಂತೆ ಬಿದ್ದೆ.

“ಈ ನೆಲವೇ ಸರಿಯಿಲ್ಲ!” ಎಂದು ಕೂಗಿದೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದರು ಪೊರ್ಬುಗಳು. ಹೆಲ್ಮೆಟ್ ತೆಗೆದು ಅವರಿಗೆ ಎಸೆದೆ. ಅವರು ಹಿಡಿದುಕೊಂಡರು, ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಆದರೆ ದೋಷ ಏನೆಂದು ಇಬ್ಬರಿಗೂ ಗೊತ್ತಾಗಿತ್ತು. ಹಿಮ್ಮಡಿ ಏಳುತ್ತಿದೆ. ನಮ್ಮ ಕಾರ್ಖಾನೆಯಲ್ಲಿ ಬೂಟು ಚಾಸಿಗೆ ಹಿಂದೆ ಮುಂದೆ ಎರಡೂ ಕಡೆ ಬೋಲ್ಟಾಗಬೇಕು. ಒಂದು ಕೂದಲು ಅಲ್ಲಾಡಿದರೂ ಫೇಲು, ಆ ಬುಟ್ಟಿಗೆ. ಹಾಗಿದ್ದ ಮೇಲೆ ನಕ್ಷೆಯಲ್ಲಿ ಹಿಮ್ಮಡಿಯ ಕಡೆ ಏನೂ ಇಲ್ಲ ಎಂದರೆ ಬರೆದವರು ಮರೆತಿದ್ದಾರೆ ಎಂದೇ ಅರ್ಥ ಮಾಡಿಕೊಂಡೆವು.

“ಮೇಡಂಗೆ ಒಂದು ಫ್ಯಾಕ್ಸ್ ಹಾಕಿ ಕೇಳೋಣ್ವಾ ಬಾಸ್?” ಎಂದೆ ತೌಕೆಗೆ.

“ಕೇಳೋದಾ? ಕೇಳಿದ್ರೆ ಇವರಿಗೆ ಸ್ಕೇಟ್ ಗೊತ್ತಿಲ್ಲ ಅಂದ್ಕೊಳ್ತಾಳೆ ಲಾ. ಗಿರಾಕಿ ಮರೆತಿದ್ದನ್ನ ನಾವೇ ಹಾಕಿ ಕೊಡ್ಬೇಕು. ಖುಷಿಯಾಗ್ತಾಳೆ.”

ನನಗೂ ಹಾಗೇ ಅನಿಸಿತು. ಮರೆತದ್ದನ್ನು ಕಂಡುಹಿಡಿದ ಹೆಮ್ಮೆ ಬೇರೆ. ಹಿಮ್ಮಡಿಗೆ ಸ್ಪ್ರಿಂಗ್ ಇರುವ ಒಂದು ಲಾಕ್ ಬರೆದೆ. ಬೂಟಿನ ಹಿಂದಿನ ಅಂಚನ್ನು ಅದು ಮೇಲಿನಿಂದ ಅಮುಕಿ ಹಿಡಿಯುತ್ತಿತ್ತು, ಬೆರಳಲ್ಲಿ ಎತ್ತಿದರೆ ಬಿಡುತ್ತಿತ್ತು. ನೋಡಲು ಎಷ್ಟು ಚಂದವಿತ್ತೆಂದರೆ, ಅದನ್ನು ಮೇಜಿನ ಮೇಲಿಟ್ಟುಕೊಂಡು ಟಕ್ ಟಕ್ ಎನಿಸುತ್ತಾ ಕೂರುತ್ತಿದ್ದೆ.

ಲಾಕ್ ಹಾಕಿದ ಮೇಲೆ ಅಂಗಳದಲ್ಲಿ ನಿಲ್ಲಲು ಬಂತು, ಆದರೆ ಚಲಿಸಲು ಬರಲಿಲ್ಲ. ಕಾಲನ್ನು ಹಿಂದಕ್ಕೆ ತಳ್ಳಿದರೆ ಬೆರಳುಗಳ ಬುಡದಲ್ಲಿ ಬೂಟು ಬಗ್ಗಲು ನೋಡುತ್ತದೆ, ಹಿಂದಿನಿಂದ ಲಾಕ್ ಬಿಡುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಲಾಕ್ ಪಟ್ಟೆಂದು ಹಾರಿ ಹೋಯಿತು, ನಾನೂ ಹೋದೆ. ಸ್ಪ್ರಿಂಗ್ ಗಟ್ಟಿ ಮಾಡಿದೆ. ಮತ್ತೆ ಹಾರಿತು. ನನಗೆ ಹಟ ಬಂತು. ದಪ್ಪ ಉಕ್ಕಿನ ಲಾಕ್ ಮಾಡಿಸಿ, ತಟ್ಟೆಗೆ ಹೊಸ ತೂತು ಕೊರೆದು ಬಿಗಿದೆ. ಈಗ ನೋಡೋಣ ಎಂದೆ.

ಲಾಕ್ ಹಾರಲಿಲ್ಲ. ಬೂಟು ಬಾಯಿಬಿಟ್ಟಿತು. ಎಡಗಾಲಿನ ಬೂಟಿನಲ್ಲಿ ಬೆರಳುಗಳ ಬುಡದಲ್ಲಿ ಅಟ್ಟೆ ಮೇಲ್ಭಾಗದಿಂದ ಕಿತ್ತು, ಒಳಗಿನ ಬಿಳಿ ಬಟ್ಟೆ ಕಾಣುತ್ತಿತ್ತು. ನಾನು ಅಂಗಳದ ಸಿಮೆಂಟಿನ ಮೇಲೆ ಕೂತಲ್ಲೇ ಕೂತೆ. ಇಡೀ ಮಲೇಷ್ಯಾದಲ್ಲಿ ಅಂಥ ಬೂಟು ಅದೊಂದೇ ಜೊತೆ, ಮೇಡಂ ಬರುವ ವಿಮಾನದ ವಿವರ ಫ್ಯಾಕ್ಸಿನಲ್ಲಿ ಬಂದು ಆಗಿತ್ತು.

ಪೊರ್ಬುಗಳು ಆಗ ತಮಾಷೆ ಮಾಡಲಿಲ್ಲ. ಬೂಟನ್ನು ಕೈಗೆ ತೆಗೆದುಕೊಂಡು, “ಎಂತ ಅಳ್ಲಿಕ್ಕೆ ಉಂಟು ಇದರಲ್ಲಿ? ಅಂಟಿಸಿದ್ದು ಬಿಟ್ಟಿದೆ, ಪುನಃ ಅಂಟಿಸುವ. ನೀನು ಮನೆಗೆ ಹೋಗು,” ಎಂದರು. ಬೂಟು ತಯಾರಿಸುವ ಪಕ್ಕದ ಘಟಕದಿಂದ ಅಂಟು ತರಿಸಿ, ಸೀಳಿಗೆ ಹಚ್ಚಿ, ವೈಸಿಗೆ ಮರದ ತುಂಡು ಕೊಟ್ಟು ಬಿಗಿದಿಟ್ಟರು. ಅಷ್ಟೊತ್ತೂ ಅವರ ಬಾಯಿಂದ ಏಸುಸ್ವಾಮಿಯ ಹೆಸರು ಬರುತ್ತಿತ್ತು. ಅದು ಪ್ರಾರ್ಥನೆಯೋ ಬೈಗುಳವೋ ನಾನು ಕೇಳಲಿಲ್ಲ.

ನಾನಿದ್ದ ಫ್ಲ್ಯಾಟಿನ ಲಿಫ್ಟು ಕೆಟ್ಟಿತ್ತು. ಅದು ಸರಿಯಿದ್ದ ದಿನವೇ ವಿಶೇಷ. ಬಸ್ಸಿಳಿದು, ಕೆಳಗಿನ ಮಾಮಾಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ರೊಟ್ಟಿ ಪಾರ್ಸಲ್ ಕಟ್ಟಿಸಿಕೊಂಡು, ಮೆಟ್ಟಿಲು ಹತ್ತಲು ಶುರು ಮಾಡಿದೆ. ಕಾಲಲ್ಲಿ ಹವಾಯಿ ಚಪ್ಪಲಿ. ಮೆಟ್ಟಿಲಿಗೊಂದು ಪಟ್, ಮೆಟ್ಟಿಲಿಗೊಂದು ಪಟ್. ಮನಸ್ಸು ಆ ಹಾಳು ಲಾಕಿನ ಸುತ್ತಲೇ ಸುತ್ತುತ್ತಿತ್ತು. ಇನ್ನೂ ದಪ್ಪ ಮಾಡಲೇ? ಎರಡು ಹಾಕಲೇ? ಪಟ್, ಪಟ್. ಆ ಶಬ್ದ ತಲೆಗೆ ಬಡಿಯತೊಡಗಿ, ರೇಗಿ ನಿಂತು ಕಾಲನ್ನು ನೋಡಿದೆ.

ಹಿಮ್ಮಡಿ ಚಪ್ಪಲಿಯಿಂದ ಎದ್ದಿತ್ತು. ಚಪ್ಪಲಿಯ ಬಾಲ ಕೆಳಗೆ ಜೋತುಬಿದ್ದಿತ್ತು.

ಅದೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹುಟ್ಟಿದಾಗಿನಿಂದ ಹಿಮ್ಮಡಿ ಎತ್ತೆತ್ತಿ ನಡೆದವಳು ನಾನು. ಚಪ್ಪಲಿ ಮುಂದೆ ಉಂಗುಷ್ಠದಲ್ಲಿ ಮಾತ್ರ ಕಾಲನ್ನು ಹಿಡಿದಿರುತ್ತದೆ. ಹಿಂದೆ ಹಿಡಿದಿಲ್ಲ ಎಂದು ಯಾರಾದರೂ ಚಪ್ಪಲಿಯನ್ನು ಫೇಲ್ ಬುಟ್ಟಿಗೆ ಹಾಕುತ್ತಾರೆಯೇ? ಬೂಟಿನ ತುದಿಯಲ್ಲಿದ್ದ ಉಕ್ಕಿನ ಸರಳು ಅದರ ಉಂಗುಷ್ಠ. ಹಿಮ್ಮಡಿ ಏಳಲೆಂದೇ ಅವರು ಅದನ್ನು ಹಾಗೆ ಮಾಡಿದ್ದು, ಮರೆತದ್ದಲ್ಲ. ಬೂಟು ಎಂದ ಕೂಡಲೇ ಸ್ಕೂಲಿನ ಶೂ ಥರ ಕಾಲನ್ನು ಕಟ್ಟಿಹಾಕುವ ವಸ್ತು ಎಂದುಕೊಂಡವರು ನಾವು. ಕೂತಲ್ಲೇ ಜೋರಾಗಿ ನಕ್ಕೆ. ಮೇಲಿನ ಮನೆಯ ತಮಿಳು ಅಮ್ಮ ಬಾಗಿಲು ತೆಗೆದು, “ಎನ್ನಮ್ಮಾ, ಬಿದ್ದುಬಿಟ್ಟಿಯಾ?” ಎಂದು ಬಗ್ಗಿ ನೋಡಿದರು. “ಇಲ್ಲಾಂಟಿ, ಈಗ ಎದ್ದೆ,” ಎಂದೆ.

ಬೆಳಿಗ್ಗೆ ಲಾಕನ್ನು ಬಿಚ್ಚಿ ಡ್ರಾಯರಿಗೆ ಹಾಕಿದಾಗ ಪೊರ್ಬುಗಳು ಕೆಂಡವಾದರು.

“ಮರ್ಲಾ, ಹುಚ್ಚಾ ನಿನಗೆ? ಅಷ್ಟು ಚಂದದ ಲಾಕು! ಮೇಡಂ ಬರ್ಲಿಕ್ಕೆ ಹೊತ್ತಿಲ್ಲ, ಈಗ ಬದಲಿಸ್ತಿಯಾ?”

“ಪೊರ್ಬುಗಳೇ, ನಿಮ್ಮ ಚಪ್ಪಲಿ ಹಾಕ್ಕೊಂಡು ಒಂದು ಸಲ ಆ ಕಡೆಯಿಂದ ಈ ಕಡೆಗೆ ಬನ್ನಿ.”

ಅವರು ಗೊಣಗುತ್ತಾ ನಡೆದರು. ಅರ್ಧ ದಾರಿಯಲ್ಲಿ ನಿಂತು ಬಗ್ಗಿ ತಮ್ಮ ಹಿಮ್ಮಡಿ ನೋಡಿಕೊಂಡರು. ಮತ್ತೆ ಎರಡು ಹೆಜ್ಜೆ ಹಾಕಿದರು. “ಹೌದಲ್ಲ ಮಾರಾಯ್ತಿ,” ಎಂದರು ಮೆಲ್ಲಗೆ.

ಆದರೆ ಅರ್ಧ ಉತ್ತರವಷ್ಟೇ ಸಿಕ್ಕಿತ್ತು. ಚಪ್ಪಲಿಯ ಬಾಲ ಜೋತುಬಿದ್ದರೂ ತಾನಾಗಿ ಮೇಲೆ ಬಂದು ಹಿಮ್ಮಡಿಗೆ ಬಡಿಯುತ್ತದೆ. ನಮ್ಮ ಚಾಸಿ ಜೋತುಬಿದ್ದರೆ ಬಿದ್ದೇ ಇರುತ್ತದೆ. ಅದನ್ನು ಮೇಲೆ ತರಲು ಕೊಕ್ಕೆಯ ಮುಂದೆ ರಬ್ಬರಿನ ಒಂದು ತುಂಡು ಬೇಕು. ಹಿಮ್ಮಡಿ ಎದ್ದಾಗ ಬೂಟಿನ ಮೂತಿ ಅದನ್ನು ಅಮುಕುತ್ತದೆ, ಬಿಟ್ಟಾಗ ರಬ್ಬರು ತಳ್ಳುತ್ತದೆ, ಬಾಲ ಮೇಲೆ ಬರುತ್ತದೆ. ಮೆಷಿನ್ನಿನ ಕಾಲಿಗೆ ಹಾಕುವ ರಬ್ಬರ್ ಕತ್ತರಿಸಿ ಇಟ್ಟೆ. ಕಲ್ಲಿನಂತಿತ್ತು, ಹಿಮ್ಮಡಿಯೇ ಏಳಲಿಲ್ಲ. ಪ್ಯಾಕಿಂಗಿನ ಸ್ಪಂಜು ಇಟ್ಟೆ, ಅಮುಕಿದರೆ ಅಮುಕಿದ ಹಾಗೇ ಉಳಿಯಿತು. ರಬ್ಬರಿನ ದೇಶದಲ್ಲಿ ಕೂತು ನನಗೆ ಒಂದು ತುಂಡು ರಬ್ಬರು ಸಿಗುತ್ತಿಲ್ಲವಲ್ಲ ಎಂದು ಮೈ ಪರಚಿಕೊಳ್ಳುವಂತಾಯಿತು.

ಎದ್ದು ಹೊರಗೆ ಬಂದರೆ ಬಾಗಿಲಲ್ಲಿ ಒಂದು ಜೊತೆ ಸೆಲಿಪಾರ್ ಬಿದ್ದಿತ್ತು. ಅಲ್ಲಿನವರು ರಬ್ಬರ್ ಚಪ್ಪಲಿಯನ್ನು ಹಾಗೆನ್ನುತ್ತಾರೆ. ನೀಲಿ ಅಡಿ, ಬಿಳಿ ಮೇಲ್ಪದರ, ಕಾರ್ಖಾನೆಯಲ್ಲಿ ಯಾರ ಕಾಲು ನೋಡಿದರೂ ಅದೇ. ಇದು ಹಳೆಯದು, ಹಿಮ್ಮಡಿಯ ಗುರುತು ಬಿದ್ದಿತ್ತು. ಯಾರೋ ಬಿಟ್ಟುಹೋದದ್ದು, ಬಾತ್‌ರೂಮಿಗೆ ಇಟ್ಟದ್ದು ಎಂದುಕೊಂಡೆ. ಹೆಬ್ಬೆರಳಲ್ಲಿ ಒತ್ತಿದೆ. ಒಳಗೆ ಹೋಯಿತು, ನಿಧಾನವಾಗಿ, ಆದರೆ ಗಟ್ಟಿಯಾಗಿ ತಳ್ಳಿಕೊಂಡು ವಾಪಸ್ಸು ಬಂತು. ಚಾಕು ತಂದು ಎರಡೂ ಸೆಲಿಪಾರಿನ ಹಿಮ್ಮಡಿಯಿಂದ ಒಂದೊಂದು ಚೌಕ ಕತ್ತರಿಸಿದೆ. ಫೈಲಿನಲ್ಲಿ ಉಜ್ಜಿ ಕೊಕ್ಕೆಯ ಮುಂದೆ ಕೂರಿಸಿದೆ. ಬೂಟು ಸಿಕ್ಕಿಸಿ ಹಿಮ್ಮಡಿ ಎತ್ತಿ ಬಿಟ್ಟರೆ ಪಟ್! ಚಾಸಿ ಮೇಲೆ ಬಂದು ಹಿಮ್ಮಡಿಗೆ ಬಡಿಯಿತು. ಅಂಟಿಸಿದ ಬೂಟೂ ಬಾಯಿಬಿಡಲಿಲ್ಲ, ಏಕೆಂದರೆ ಅದನ್ನು ಈಗ ಯಾರೂ ಹಿಂದಿನಿಂದ ಎಳೆಯುತ್ತಿರಲಿಲ್ಲ. ಪೊರ್ಬುಗಳ ಎರಡೂ ಕೈ ಹಿಡಿದು ಕುಲುಕಿದೆ.

ಊಟದ ಹೊತ್ತಿಗೆ ತೌಕೆ ಬಂದರು. ಬರಿಗಾಲು, ಕೈಯಲ್ಲಿ ಹಿಮ್ಮಡಿ ಇಲ್ಲದ ಒಂದು ಜೊತೆ ಸೆಲಿಪಾರ್.

“ಯಾರೋ ನನ್ನ ಸೆಲಿಪಾರ್ ತಿಂದಿದ್ದಾರೆ,” ಎಂದರು. “ಫೋನ್ ಬಂತು ಅಂತ ಇಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದ್ದೆ. ಇಲಿ ಅಲ್ಲ ಲಾ. ಇಲಿ ಇಷ್ಟು ನೇರವಾಗಿ ಕಚ್ಚಲ್ಲ. ಫ್ಯಾಕ್ಟರಿ ಶುರು ಮಾಡಿದ ದಿನದಿಂದ ಇದೇ ಹಾಕ್ತಿದ್ದೀನಿ. ಲಕ್ಕಿ ಸೆಲಿಪಾರ್!”

ಪೊರ್ಬುಗಳು ಸೂರಿನ ಫ್ಯಾನ್ ನೋಡುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ಮುಖ ಹುದುಗಿಸಿದೆ. ತೌಕೆ ಹೋದ ಮೇಲೆ ಪೊರ್ಬುಗಳು ಓಡಿಹೋಗಿ ಅಂಗಡಿಯಿಂದ ಹೊಸ ಜೊತೆ ತಂದರು, ಅದನ್ನು ಕತ್ತರಿಸಿ ಇಟ್ಟುಬಿಡೋಣ, ಹಳೆಯ ತುಂಡನ್ನು ಅವರ ಸೆಲಿಪಾರಿಗೆ ಅಂಟಿಸೋಣ ಎಂದು. ಹೊಸ ರಬ್ಬರು ಸೊಕ್ಕಿನ ಕುದುರೆಯ ಹಾಗೆ ಪುಟಿಯುತ್ತಿತ್ತು. ಚಾಸಿ ಬಂದು ಹಿಮ್ಮಡಿಗೆ ಬಡಿದ ಏಟಿಗೆ ಕಣ್ಣಲ್ಲಿ ನೀರು ಬಂತು. ತೌಕೆಯ ಭಾರವನ್ನು ಅಷ್ಟು ವರ್ಷ ಹೊತ್ತು ಪಳಗಿದ ರಬ್ಬರಿಗೆ ಸಮ ಯಾವುದೂ ಸಿಗಲಿಲ್ಲ. ಅದನ್ನೇ ಉಳಿಸಿಕೊಂಡೆವು. ಗೇಟಿನ ಬಳಿ ಮಲಗುತ್ತಿದ್ದ ನಾಯಿಯ ಮೇಲೆ ಅನುಮಾನ ಹೋಯಿತು, ಪಾಪ. ನಾನು ಅದಕ್ಕೆ ದಿನಾ ಒಂದು ರೊಟ್ಟಿ ಹಾಕತೊಡಗಿದೆ.

ಅಂಗಳದಲ್ಲಿ ಚಕ್ರದ ಮೇಲೆ ನಾನು ಟ್ರಾಲಿ ಬಿಟ್ಟು ಓಡಾಡುವಂತಾದೆ. ಇನ್ನುಳಿದದ್ದು ಮಂಜುಗಡ್ಡೆ. ಅದೇ ತಟ್ಟೆಯ ಕೆಳಗಿಂದ ಚಾಸಿಯನ್ನು ಅಲೆನ್ ಕೀ ಹಾಕಿ ಬಿಚ್ಚಿ ಬ್ಲೇಡು ಕೂರಿಸಿದೆವು. ಕೌಲಾಲಂಪುರದ ಹತ್ತಿರ ಒಂದು ಮಾಲಿನ ಕೆಳಗೆ ಐಸ್ ರಿಂಕ್ ಇತ್ತು. ಹೊರಗೆ ಶೆಕೆಗೆ ಜನ ಬೇಯುತ್ತಿದ್ದರೆ ಒಳಗೆ ಸ್ವೆಟರ್ ಹಾಕಿಕೊಂಡು ಜಾರುತ್ತಿದ್ದರು. ನಮ್ಮ ಬ್ಲೇಡು ಬೂಟಿಗಿಂತ ಮುಂದಕ್ಕೂ ಹಿಂದಕ್ಕೂ ಚಾಚಿತ್ತು. ರಿಂಕಿನ ಉಸ್ತುವಾರಿ ಹೆಂಗಸು ಅದನ್ನು ನೋಡಿ ಹೌಹಾರಿದಳು. “ಇದು ಸ್ಕೇಟಾ, ಪರಾಂಗಾ?” ಪರಾಂಗ್ ಎಂದರೆ ಅಲ್ಲಿನ ಮಚ್ಚು. ಜನರ ನಡುವೆ ಬೇಡವೇ ಬೇಡ, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಬನ್ನಿ ಎಂದಳು.

ಮೊದಲ ಬೆಳಿಗ್ಗೆ ಬ್ಲೇಡು ನನ್ನನ್ನು ಮುಂದಕ್ಕೆ ಬಿಟ್ಟು ಮಿಕ್ಕೆಲ್ಲ ಕಡೆಗೂ ಒಯ್ದಿತು. ರಿಂಕಿನಲ್ಲಿ ಬಾಡಿಗೆಗೆ ಕೊಡುವ ಸ್ಕೇಟಿನ ಬ್ಲೇಡಿನ ಅಡಿಯನ್ನು ನಡುವೆ ಹಳ್ಳವಾಗುವಂತೆ ಅರೆಯುತ್ತಾರೆ. ಉದ್ದ ಬ್ಲೇಡಿಗೆ ಅಡಿ ಚಪ್ಪಟೆಯಾಗಿರಬೇಕು, ಎರಡು ಅಂಚೂ ಒಂದೇ ಸಮ ಇರಬೇಕು. ನಮ್ಮ ಗ್ರೈಂಡಿಂಗ್ ಮೆಷಿನ್ ಚಪ್ಪಟೆಯೇನೋ ಮಾಡಿತ್ತು, ಆದರೆ ಒಂದು ಅಂಚಿನಲ್ಲಿ ಕಣ್ಣಿಗೆ ಕಾಣದ ಮುಳ್ಳು ಉಳಿದಿತ್ತು. ಉಗುರು ಎಳೆದು ನೋಡಿದರೆ ಒಂದು ಕಡೆ ಹೆರೆಯುತ್ತಿತ್ತು, ಇನ್ನೊಂದು ಕಡೆ ಜಾರುತ್ತಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಎಣ್ಣೆಕಲ್ಲಿನಲ್ಲಿ ಉಜ್ಜಿದೆ, ಉಗುರು ಎರಡು ಕಡೆಯೂ ಒಂದೇ ಥರ ಹೆರೆಯುವ ತನಕ. ಆಮೇಲೆ ನೇರ ಹೋಗುತ್ತಿತ್ತು. ಗೋಡೆಯ ತನಕ ನೇರ.

ಮೇಡಂ ಬಂದರು. ಆಗಷ್ಟೇ ತೆರೆದಿದ್ದ ಹೊಸ ವಿಮಾನ ನಿಲ್ದಾಣದಿಂದ ತೌಕೆಯೇ ಹೋಗಿ ಕರೆತಂದರು. ಅರವತ್ತರ ಹತ್ತಿರದ, ತೆಂಗಿನ ಮರದಂಥ ಎತ್ತರದ ಹೆಂಗಸು. ಮಾತು ಕಡಿಮೆ. ಮಾರನೆಯ ಬೆಳಿಗ್ಗೆ ರಿಂಕಿನ ಬೆಂಚಿನ ಮೇಲೆ ಕೂತು ಬೂಟನ್ನು ಕೈಗೆ ತೆಗೆದುಕೊಂಡು, ಪೊರ್ಬುಗಳು ಅಂಟಿಸಿದ ಜಾಗದ ಮೇಲೆ ಬೆರಳಾಡಿಸಿದರು. ಆಮೇಲೆ ತಟ್ಟೆಯನ್ನು ತಿರುಗಿಸಿದರು. ತಟ್ಟೆಯ ಹಿಂಭಾಗದಲ್ಲಿ ನನ್ನ ಲಾಕಿಗೆ ಕೊರೆದ ತೂತುಗಳಿದ್ದವು.

“ಇದೇನು?”

ನಾನು ಬಾಯಿ ತೆರೆಯುವ ಮೊದಲೇ ತೌಕೆ ಹೇಳಿದರು: “ನೀರು ಇಳಿಯಕ್ಕೆ ಮೇಡಂ! ನಮ್ಮ ಐಡಿಯಾ.”

ಮೇಡಂ ಅವರ ಮುಖ ನೋಡಿದರು. ಆಮೇಲೆ, “ಇದನ್ನು ಪರೀಕ್ಷೆ ಮಾಡಿದವರು ಯಾರು?” ಎಂದರು. ತೌಕೆ ನನ್ನನ್ನು ತೋರಿಸಿದರು. ಬೂಟು ಸೀದಾ ನನ್ನ ಮಡಿಲಿಗೆ ಬಂತು.

“ನನಗೆ ಯಾವುದನ್ನು ಕೊಟ್ಟರೂ ಜಾರುತ್ತೇನೆ. ಬಾಗಿಲಿನ ಹಲಗೆ ಕೊಟ್ಟರೂ ಜಾರುತ್ತೇನೆ. ಅದರಿಂದ ಏನೂ ಗೊತ್ತಾಗುವುದಿಲ್ಲ,” ಎಂದರು ಮೇಡಂ. “ಜಾರಲು ಬಾರದವರು ಹೇಗೆ ಹೋಗುತ್ತಾರೆ, ನಾನು ಅದನ್ನು ನೋಡಬೇಕು. ನೀನು ಒಂದು ಸುತ್ತು ಹೋಗಿ ಬಾ.”

ನನ್ನ ರೂಮು, ನನ್ನ ಬೋರ್ಡು, ನನ್ನ ಎ.ಸಿ., ಎಲ್ಲ ಈಗ ನನ್ನ ಎರಡು ಕಾಲಿನ ಮೇಲೆ. ನಕ್ಷೆ ಬರೆಯುವವಳಿಗೆ ಇಂಥ ಪರೀಕ್ಷೆಯೇ ಎಂದು ಸಿಟ್ಟು ಬಂತು, ಭಯ ಅದಕ್ಕಿಂತ ಹೆಚ್ಚು ಬಂತು. ದುಪಟ್ಟಾ ಸೊಂಟಕ್ಕೆ ಬಿಗಿದೆ. ಪೊರ್ಬುಗಳು ಕಟಕಟೆ ಹಿಡಿದು ನಿಂತು ಪಿಸುಗುಟ್ಟಿದರು: “ಚಪ್ಪಲಿ ಹಾಕ್ಕೊಂಡು ಅಂಗಡಿಗೆ ಹೋಗ್ತಿದ್ದೇನೆ ಅಂತ ತಿಳ್ಕೊ. ಬೇರೆ ಎಂತದೂ ನೆನಪು ಮಾಡ್ಬೇಡ.”

ಹೊರಟೆ. ಬಲಗಾಲು ತಳ್ಳಿದೆ, ಹಿಮ್ಮಡಿ ಎದ್ದಿತು, ಪಟ್. ಎಡಗಾಲು, ಪಟ್. ಖಾಲಿ ರಿಂಕಿನಲ್ಲಿ ಆ ಶಬ್ದ ಎಷ್ಟು ದೊಡ್ಡದಾಗಿ ಕೇಳುತ್ತಿತ್ತೆಂದರೆ ನಾಚಿಕೆಯಾಯಿತು. ತಿರುವಿನಲ್ಲಿ ಮೈ ಒಮ್ಮೆ ಹಿಂದಕ್ಕೆ ಹೋಯಿತು, ಬಿದ್ದೆ ಎಂದುಕೊಂಡೆ. ಆದರೆ ಬ್ಲೇಡಿನ ಬಾಲ ತಾನಾಗಿ ಬಂದು ಹಿಮ್ಮಡಿಗೆ ಆತುಕೊಂಡಿತು, ಕಾಲು ಸಿಕ್ಕಿಕೊಳ್ಳಲಿಲ್ಲ, ನಿಂತೆ. ನಿಂತದ್ದಷ್ಟೇ ಅಲ್ಲ, ಹೋಗುತ್ತಿದ್ದೆ! ದೂರದ ಬದಿಯಲ್ಲಿ ನನಗೆ ತಡೆಯಲಾಗದೆ ನಗು ಬಂತು. ಬಸವನಗುಡಿಯ ಹುಡುಗಿ ಐಸಿನ ಮೇಲೆ ಪಟ ಪಟ ಎಂದು ಚಪ್ಪಲಿ ಬಡಿಯುತ್ತಾ ಓಡುತ್ತಿದ್ದಾಳೆ!

ಸುತ್ತು ಮುಗಿಯುವ ಹೊತ್ತಿಗೆ ನೆನಪಾಯಿತು, ನಿಲ್ಲಿಸುವುದನ್ನು ನಾನು ಕಲಿತೇ ಇಲ್ಲ. ತೌಕೆ ಐಸಿಗಿಳಿದು ಎರಡೂ ಕೈ ಚಾಚಿ ಅಡ್ಡ ನಿಂತರು, ಆ ಮಹಾನುಭಾವ. ಅವರನ್ನೂ ಕರೆದುಕೊಂಡೇ ಕಟಕಟೆಗೆ ಹೋಗಿ ಬಡಿದೆ. ಅವರ ಕನ್ನಡಕ ಐಸಿನ ಮೇಲೆ ಜಾರಿ ನನಗಿಂತ ಚೆನ್ನಾಗಿ ಹೋಯಿತು.

ಬಿದ್ದ ನಮ್ಮಿಬ್ಬರಲ್ಲಿ ಯಾರನ್ನೂ ಮೇಡಂ ಎಬ್ಬಿಸಲಿಲ್ಲ. ನನ್ನ ಪಕ್ಕ ಮಂಡಿಯೂರಿ, ಬೂಟು ಬಿಚ್ಚಿಸಿ, ಅಷ್ಟು ಎತ್ತರಕ್ಕೆ ಸಲ್ಲದ ತಮ್ಮ ಪುಟ್ಟ ಪಾದಕ್ಕೆ ಹಾಕಿಕೊಂಡು ಹೊರಟರು. ಅಬ್ಬಾ, ಅದೇನು ಹೋಗುವುದು! ಅಷ್ಟು ಎತ್ತರದ ಮೈ ಗಾಳಿಯಲ್ಲಿ ತೇಲಿದ ಹಾಗೆ. ಪಟ್ ಎಂಬ ಶಬ್ದ ಮಾತ್ರ ನನ್ನದೇ. ಸುತ್ತಿನ ಮೇಲೆ ಸುತ್ತು ಹಾಕಿ ಬಂದು, ಬೆಂಚಿನ ಮೇಲೆ ಕೂತು, ಬ್ಲೇಡನ್ನು ತಲೆಕೆಳಗೆ ಮಾಡಿದರು. ಲಾಕಿನ ತೂತಿನಿಂದ ಐಸಿನ ಪುಡಿ ಉದುರಿತು. “ತೂತು ಇರಲಿ,” ಎಂದರು. ತೌಕೆ ಕನ್ನಡಕವಿಲ್ಲದ ಕಣ್ಣನ್ನು ನನಗೆ ಮಿಟುಕಿಸಿದರು.

ಆಮೇಲೆ ಮೇಡಂ ಹೆಬ್ಬೆರಳಿನಿಂದ ಆ ರಬ್ಬರಿನ ಚೌಕವನ್ನು ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು.

“ನಮ್ಮ ಕಡೆಯ ಎಷ್ಟೋ ರಬ್ಬರ್ ನೋಡಿದ್ದೇನೆ, ಒಂದೋ ಗಟ್ಟಿ, ಒಂದೋ ಮೆತ್ತಗೆ. ಇದು ಸರಿಯಾಗಿದೆ. ಇದು ಯಾವ ರಬ್ಬರ್?”

ಪೊರ್ಬುಗಳು ಮತ್ತೆ ಸೂರು ನೋಡತೊಡಗಿದರು, ಅಲ್ಲಿ ಫ್ಯಾನೂ ಇರಲಿಲ್ಲ. ತೌಕೆ ಒಂದು ಕಡ್ಡಿ ಮುರಿದಿದ್ದ ಕನ್ನಡಕವನ್ನು ಒರೆಸಿ ಹಾಕಿಕೊಂಡು, ಏನೋ ಒಂದು ಹೆಸರು ಹೇಳುವ ಸಂಭ್ರಮದಲ್ಲಿ ಹತ್ತಿರ ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು. ನೀಲಿ ಅಡಿ. ಬಿಳಿ ಮೇಲ್ಪದರ. ಬಿಳಿಯ ಮೇಲೆ ಅವರ ಹಿಮ್ಮಡಿಯ ಸವೆದ ಗುರುತು.

ನಿಧಾನವಾಗಿ ತಲೆ ಎತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಕ್ಯೂಸಿಯ ಬುಟ್ಟಿಗಳು ಎರಡೂ ಕಣ್ಣೆದುರು ಬಂದವು.

“ಸ್ಪೆಷಲ್ ಕಾಂಪೌಂಡ್, ಮೇಡಂ,” ಎಂದರು ತೌಕೆ, ಬಹಳ ಗಂಭೀರವಾಗಿ. “ಎಷ್ಟೋ ವರ್ಷ ಟೆಸ್ಟ್ ಮಾಡಿದ್ದು. ನಾನೇ, ಪರ್ಸನಲ್ಲಾಗಿ.”

ಮೇಡಂ ಸ್ಯಾಂಪಲ್ ಒಪ್ಪಿದರು. ಮುಂದಿನ ಸಲಕ್ಕೆ ಒಂದು ಬ್ರೇಕ್ ಕೂಡ ಬರೆದು ಕಳಿಸಬೇಕೆಂದು ನನಗೆ ಹೇಳಿ, ತೌಕೆಯ ಮುರಿದ ಕನ್ನಡಕದ ಕಡೆ ನೋಡಿ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಾರಿನಲ್ಲಿ ವಾಪಸ್ಸು ಬರುವಾಗ ತೌಕೆ ಕಾರ್ಖಾನೆಯ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಇಳಿದು, ಆ ನಾಯಿಯ ತಲೆ ಸವರಿ ಬಂದರು.

ಡಿಸೈನ್ ರೂಮು ಉಳಿಯಿತು, ಎ.ಸಿ.ಯೂ ಉಳಿಯಿತು. ನಾನು ಆ ಕಾರ್ಖಾನೆ ಬಿಡುವ ತನಕ ತೌಕೆ ದಿನಾ ಒಂದು ಸಲವಾದರೂ ಬಂದು ಎ.ಸಿ.ಯ ಕೆಳಗೆ ನಿಲ್ಲುತ್ತಿದ್ದರು. ನಿಯಮದ ಪ್ರಕಾರ ಬಾಗಿಲಲ್ಲೇ ಸೆಲಿಪಾರ್ ಬಿಚ್ಚುತ್ತಿದ್ದರು. ಬಿಚ್ಚಿ, ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬರುತ್ತಿದ್ದರು.